ಗುಡ್ಡ ಕಾಣುವ ಒಲೆ

ಈ ವರ್ಷ ಮೇ ತಿಂಗಳ ಕೊನೆಯ ಶುಕ್ರವಾರ ಬೆಳಿಗ್ಗೆ, ಮಂಗಳೂರಿನ ಹಂಪನಕಟ್ಟೆಯಲ್ಲಿ ಬಹಳ ಕಾಲ ಹೋಟೆಲ್ ನಡೆಸಿದ್ದ ಹಿರಿಯರೊಬ್ಬರು ಜೆಪ್ಪುವಿನ ತಮ್ಮ ಮನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಪತ್ರಿಕೆ ಓದುತ್ತಿದ್ದರು, ಚಾ ಅರ್ಧ ಕುಡಿದಿದ್ದರು ಎಂದು ಅವರ ಹೆಂಡತಿ ಹೇಳಿದರು. ಮರುದಿನ ನಮ್ಮ ಪತ್ರಿಕೆಯ ನಿಧನ ವಾರ್ತೆಯಲ್ಲಿ ಅವರ ಭಾವಚಿತ್ರ, ಹೆಸರು, ವಯಸ್ಸು, 'ಹೋಟೆಲ್ ಉದ್ಯಮಿ, ಸಮಾಜಸೇವಕ' ಎಂಬ ವಿವರ ಬಂತು. ಬರೆದದ್ದು ನಾನೇ. ಅಲ್ಲಿ ಇದ್ದ ಜಾಗ ಅಷ್ಟೇ.

'ಸಮಾಜಸೇವಕ' ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ಸಭೆಯೊಂದರಲ್ಲಿ ನಿರೂಪಕಿ ಹಾಗೆ ಕರೆದಾಗ ಎದ್ದು ನಿಂತು, "ಅಮ್ಮಾ, ನಾನು ಹೋಟೆಲಿನವ. ಅದನ್ನೇ ಹೇಳಿ, ಸಾಕು" ಎಂದಿದ್ದರು. ಗುಡ್ಡ ಜರಿದು ಮನೆ ಕಳೆದುಕೊಂಡ ಒಂದು ಓಣಿಯವರಿಗೆ ಹೊಸ ಮನೆಗಳು ಕಟ್ಟಿ ಮುಗಿದಾಗ ದಾನಿಗಳು ಹಾಕಿಸಿದ ಕಲ್ಲಿನ ಫಲಕದಲ್ಲಿ ತಮ್ಮ ಹೆಸರು ನೋಡಿ, ಅದನ್ನು ಅಳಿಸುವವರೆಗೆ ಉದ್ಘಾಟನೆಗೆ ಬರುವುದಿಲ್ಲ ಎಂದರು. ಕೆತ್ತಿದ್ದನ್ನು ಅಳಿಸುವುದು ಹೇಗೆ? ಆ ಸಾಲಿಗೆ ಸಿಮೆಂಟ್ ಮೆತ್ತಿದರು. ಈಗಲೂ ಫಲಕದಲ್ಲಿ ಒಂದು ಬೂದು ಪಟ್ಟಿ ಉಂಟು. ಆದ್ದರಿಂದ ಇಲ್ಲಿಯೂ ಅವರ ಹೆಸರು ಬರೆಯುವುದಿಲ್ಲ. ಓಣಿಯವರು ಅವರನ್ನು ಧಣಿ ಎನ್ನುತ್ತಿದ್ದರು. ಅಜ್ಜನ ಕಾಲದಲ್ಲಿ ಗದ್ದೆ, ಒಕ್ಕಲು ಎಲ್ಲ ಇದ್ದ ಮನೆತನ. "ಗದ್ದೆ ಹೋಯ್ತು, ಈ ಧಣಿ ಮಾತ್ರ ಹೋಗುವುದಿಲ್ಲ ಮಾರಾಯ್ರೆ" ಎಂದು ಗೊಣಗುತ್ತಿದ್ದರು. ಗೊಣಗುತ್ತಲೇ ಆ ಹೆಸರಿಗೆ ಓಗೊಡುತ್ತಿದ್ದರು.

ಓಣಿ ಇರುವುದು ಶಕ್ತಿನಗರದಲ್ಲಿ, ಒಂದು ಗುಡ್ಡದ ಬುಡದಲ್ಲಿ. ಕೆಲವು ವರ್ಷಗಳ ಹಿಂದೆ ಜುಲೈಯಲ್ಲಿ ವಾರವಿಡೀ ಬಿಡದೆ ಸುರಿದ ಮಳೆಗೆ ಆ ಗುಡ್ಡ ಬೆಳಗಿನ ಹೊತ್ತು ಜರಿದು ಬಂತು. ಸಾಲುಮನೆಗಳ ಹಿಂಭಾಗವೆಲ್ಲ, ಎಂದರೆ ಅಡುಗೆಮನೆಗಳು, ಮಣ್ಣಿನಡಿಗೆ ಹೋದವು. ತೀರಿಕೊಂಡದ್ದು ಒಬ್ಬರು, ಓಣಿಯ ಮೈಮುನಾ ಎಂಬವರ ಅತ್ತೆ. ಅವರು ಒಲೆಯ ಮುಂದೆ ಅಕ್ಕಿರೊಟ್ಟಿ ಬೇಯಿಸುತ್ತಿದ್ದರು. ಮೈಮುನಾ ಎದುರಿನ ಜಗಲಿಯಲ್ಲಿ ಮಗಳಿಗೆ ಜಡೆ ಹೆಣೆಯುತ್ತಿದ್ದರು. ಗಂಡ ಸೌದಿಯ ದಮಾಮ್‌ನಲ್ಲಿ ಕೆಲಸಕ್ಕಿದ್ದರು. ಆ ದಿನದ ವರದಿಗೆ ಹೋದವನು ನಾನು. ಮಂತ್ರಿಗಳು ಬಂದರು, ಟಿವಿಯವರು ಬಂದರು, ಕಂಬಳಿ, ಬಕೆಟು, ಬಿಸ್ಕೆಟ್ ಬಂತು. ತಿಂಗಳು ಮುಗಿಯುವಷ್ಟರಲ್ಲಿ ಬಂದವರೆಲ್ಲ ಹೋದರು. ಅವರು ಹೋದ ಮೇಲೂ ಬರುತ್ತಿದ್ದವರು ಧಣಿ.

ನಾನು ಅವರನ್ನು ಮೊದಲು ಕಂಡದ್ದು ಓಣಿಯವರನ್ನು ಇರಿಸಿದ್ದ ಶಾಲೆಯಲ್ಲಿ. ಸರ್ಕಾರ ಈಗ ಅದಕ್ಕೆ ಕಾಳಜಿ ಕೇಂದ್ರ ಎನ್ನುತ್ತದೆ, ಊರವರು ಇನ್ನೂ ಗಂಜಿ ಕೇಂದ್ರ ಎನ್ನುತ್ತಾರೆ. ಅವರ ಹೋಟೆಲಿನಿಂದ ಎರಡೂ ಹೊತ್ತು ಊಟದ ಪಾರ್ಸೆಲ್ ಬರುತ್ತಿತ್ತು. ಕೆಲವು ದಿನಗಳ ನಂತರ ಒಂದು ಬೆಳಿಗ್ಗೆ ಪಾರ್ಸೆಲ್ ಬರಲಿಲ್ಲ. ಅದರ ಬದಲು ಒಂದು ಟೆಂಪೋದಲ್ಲಿ ಗ್ಯಾಸ್ ಒಲೆ, ಪಾತ್ರೆ, ಅಕ್ಕಿ, ತೆಂಗಿನಕಾಯಿ, ಮಿಕ್ಸಿ ಬಂತು. ಹಿಂದಿನಿಂದ ಇವರು ಬಂದರು. ಬಿಳಿ ಅಂಗಿ, ಕಾಲರಿಗೆ ಸುತ್ತಿದ ಕರವಸ್ತ್ರ, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಪಂಚೆ. ಶಾಲೆಯ ವರಾಂಡದಲ್ಲಿ ಒಲೆಗಳನ್ನು ಸಾಲಾಗಿ ಇಡಿಸಿ, "ಇನ್ನು ನೀವೇ ಮಾಡಿಕೊಳ್ಳಿ" ಎಂದರು.

ಗಲಾಟೆಯಾಯಿತು. ಒಬ್ಬ ಯುವಕ ಎದುರಿಗೇ ಕೇಳಿದ: "ಮನೆ ಹೋದವರ ಹತ್ತಿರ ಅಡುಗೆ ಮಾಡಿಸ್ತೀರಾ? ಪಾರ್ಸೆಲ್ ಕಟ್ಲಿಕ್ಕೆ ನಿಮಗೆ ಅಷ್ಟು ಕಷ್ಟವಾ?"

"ಪಾರ್ಸೆಲ್ ಕಟ್ಟುವುದು ನನಗೆ ಭಾರೀ ಸುಲಭ. ಅದಕ್ಕೇ ನಿಲ್ಲಿಸಿದ್ದು" ಎಂದರು.

ಇದನ್ನು ಎರಡೂ ಕಡೆಯ ಮಾತಿನೊಂದಿಗೆ ವರದಿ ಮಾಡಿದೆ. ಓದುಗರ ಪತ್ರಗಳು ಬಂದವು, ಹೆಚ್ಚಿನವು ಅವರನ್ನು ಬೈದು. ಅವರು ಕಚೇರಿಗೆ ಫೋನ್ ಮಾಡಿ, "ನಿಮ್ಮ ಹೆಡ್ಡಿಂಗ್ ಚೆಂದ ಇತ್ತು" ಎಂದಷ್ಟೇ ಹೇಳಿ ಇಟ್ಟರು. ಆದರೆ ಆ ಮಧ್ಯಾಹ್ನ ನಾನು ಶಾಲೆಯಲ್ಲೇ ಇದ್ದೆ. ಅಲ್ಲಿಯವರೆಗೆ ಗೋಡೆಗೆ ಒರಗಿ ಕೂತಿದ್ದ ಹೆಂಗಸರು ಒಲೆಯ ಸುತ್ತ ಸೇರಿ ಉಪ್ಪು ಹೆಚ್ಚಾಯಿತು, ಹುಳಿ ಕಡಿಮೆಯಾಯಿತು ಎಂದು ಜಗಳಾಡುತ್ತಿದ್ದರು. ಮೈಮುನಾ ಮಾತ್ರ ಎದ್ದು ಬರಲಿಲ್ಲ.

ಹೋಟೆಲಿನವರಾದರೂ ಅವರಿಗೆ ಅಡುಗೆ ಬರುತ್ತಿರಲಿಲ್ಲ. ಇದು ಅವರ ಹೆಂಡತಿ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ ಸಂಗತಿ. "ಇವರಿಗೆ ಚಾ ಮಾಡ್ಲಿಕ್ಕೂ ಗೊತ್ತಿಲ್ಲ. ತಿಂದು ಹೇಳ್ಲಿಕ್ಕೆ ಮಾತ್ರ ಗೊತ್ತುಂಟು." ಇವರು ಅದನ್ನು ಒಪ್ಪಿ ನಗುತ್ತಿದ್ದರು. ತಮ್ಮ ಹೋಟೆಲಿನ ಸಾಂಬಾರಿನಂಥದ್ದು ಮಂಗಳೂರಿನಲ್ಲಿ ಇನ್ನೊಂದಿಲ್ಲ ಎಂದು ಸಾಯುವವರೆಗೂ ಹೇಳುತ್ತಿದ್ದರು. ನನ್ನ ಅಭಿಪ್ರಾಯದಲ್ಲಿ ಅದು ಸಾಧಾರಣ ಸಾಂಬಾರು.

ಹೋಟೆಲನ್ನು ತಮ್ಮನಿಗೆ ಒಪ್ಪಿಸಿದ ಮೇಲೆ ಪ್ರತಿ ಶುಕ್ರವಾರ ಓಣಿಗೆ ಹೋಗುವುದು ಅವರ ರೂಢಿಯಾಯಿತು. ಕಾರಿದ್ದರೂ ಹಂಪನಕಟ್ಟೆಯಿಂದ ಸಿಟಿ ಬಸ್ಸು ಹತ್ತುತ್ತಿದ್ದರು. "ಕಾರಲ್ಲಿ ಹೋದರೆ ಎಲ್ಲರೂ ಅರ್ಜಿ ಹಿಡಿದು ಬರ್ತಾರೆ. ಬಸ್ಸಲ್ಲಿ ಹೋದರೆ, ಕೂತ್ಕೊಳ್ಳಿ ಧಣಿ, ಕಾಲು ನೋವುಂಟಾ ಅಂತ ಕೇಳ್ತಾರೆ." ಓಣಿಗೆ ಹೋಗಿ ಮಾಡುತ್ತಿದ್ದದ್ದು ಇಷ್ಟೇ: ಗೋಡೆಗಳನ್ನು ಅಂಗೈ ಹಿಂಭಾಗದಿಂದ ಮುಟ್ಟಿ ತೇವ ನೋಡುವುದು, ಚರಂಡಿಯಲ್ಲಿ ಕೋಲು ಹಾಕಿ ಕಸ ಎಬ್ಬಿಸುವುದು, ಪ್ರತಿ ಮನೆಯ ಗೇಟಿನಲ್ಲಿ ನಿಂತು ಒಂದೇ ಪ್ರಶ್ನೆ ಕೇಳುವುದು.

"ಎಂತ ಪದಾರ್ಥ ಇವತ್ತು?"

ನಮ್ಮ ಕಡೆ ಅನ್ನಕ್ಕೆ ಕಲಸಿಕೊಳ್ಳುವುದಕ್ಕೆಲ್ಲ ಪದಾರ್ಥ ಎನ್ನುತ್ತೇವೆ. ಯಾರೂ ಯಾರನ್ನೂ ಕೇಳುವ, ಕೇಳಿ ಮರೆಯುವ ಪ್ರಶ್ನೆ ಅದು. ಇವರು ಉತ್ತರವನ್ನು ಮರೆಯುತ್ತಿರಲಿಲ್ಲ. ಒಮ್ಮೆ ಬಸ್ಸಿನಲ್ಲಿ ಜೊತೆಗಿದ್ದಾಗ ನನಗೆ ವಿವರಿಸಿದರು. ಬರೀ ಉಪ್ಪಿನಕಾಯಿ ಎಂದರೆ ಆ ಮನೆ ಇನ್ನೂ ಎದ್ದಿಲ್ಲ. ಅಂಗಡಿ ಪುಡಿ ಹಾಕಿ ಸಾರು ಎಂದರೆ ಕೂತಿದೆ. ತೆಂಗಿನಕಾಯಿ ತುರಿದು ಮಸಾಲೆ ಕಡೆದಿದ್ದಾರೆ ಎಂದರೆ ನಿಂತಿದೆ. ಮೀನಿನವಳ ಹತ್ತಿರ ಚರ್ಚೆ ಮಾಡಿ ಮೀನು ತೆಗೆದುಕೊಂಡಿದ್ದಾರೆ ಎಂದರೆ ಇನ್ನು ಅಲ್ಲಿಗೆ ನಾವು ಹೋಗಬೇಕಾಗಿಲ್ಲ.

"ನಿಮಗೆ ಎಂತ ಬೇಕು ಅಂತ ಯಾಕೆ ಕೇಳುವುದಿಲ್ಲ?" ಎಂದೆ.

"ಹಾಗೆ ಕೇಳಿದರೆ ಕೊಡುವವನ ಮುಖ ನೋಡಿ ಉತ್ತರ ಹೇಳ್ತಾರೆ. ಪದಾರ್ಥ ಕೇಳಿದರೆ ಒಲೆ ನೋಡಿ ಹೇಳ್ತಾರೆ."

ಓಣಿಯಲ್ಲಿ ಯಾರ ಮನೆಯಲ್ಲೂ ಅವರು ಉಣ್ಣುತ್ತಿರಲಿಲ್ಲ. ಮೈಮುನಾ ಅವರ ಪಕ್ಕದ ಮನೆಯ ಲೀಲಕ್ಕ ಬೀಡಿ ಕಟ್ಟುವವರು, ಬಾಯಿ ಜೋರು. ಒಂದು ದಿನ ಅವರು ಕೇಳಿಯೇ ಬಿಟ್ಟರು: "ಧಣಿ, ವಾರ ವಾರ ಪದಾರ್ಥ ಕೇಳ್ತೀರಿ. ಒಂದು ದಿನವಾದ್ರೂ ಉಂಡಿದ್ದೀರಾ? ನಮ್ಮ ಕೈ ಊಟ ಸೇರುವುದಿಲ್ವಾ?"

ಅವರು ಮೈಮುನಾ ಅವರ ಮನೆಯ ಕಡೆ ಕೈ ತೋರಿಸಿ, "ಉಣ್ಣುವುದಾದರೆ ಮೊದಲು ಅಲ್ಲಿ. ಅದೂ ಮಳೆ ಬರುವಾಗ. ಆಮೇಲೆ ನಿನ್ನ ಮನೆಗೆ" ಎಂದರು.

"ಹಾಗಾದ್ರೆ ನನ್ನ ಮನೆ ಊಟ ನಿಮಗೆ ಸಿಕ್ಕಿದ ಹಾಗೇ" ಎಂದರು ಲೀಲಕ್ಕ.

ಆ ಮಾತಿನ ಹಿಂದೆ ಒಂದು ಕತೆ ಉಂಟು. ಅದರಲ್ಲಿ ತಪ್ಪು ಧಣಿಯವರದೇ. ಇದು ನನ್ನ ತೀರ್ಪಲ್ಲ, ಅವರೇ ಹೇಳಿದ್ದು.

ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ತಡೆಗೋಡೆ ಮತ್ತು ಚರಂಡಿ ಕಟ್ಟಿ, ಮನೆಗಳನ್ನು ರಸ್ತೆಯ ಕಡೆಗೆ ಸರಿಸಿ ಕಟ್ಟಬಹುದು ಎಂದು ಪರಿಶೀಲನೆಗೆ ಬಂದವರು ಹೇಳಿದ್ದರು. ಬೇರೆ ಕಡೆ ಹೋಗುತ್ತೇವೆ ಎಂದವರು ಹೋದರು. ಉಳಿದವರಿಗೆ ಒಂದು ಸಂಸ್ಥೆ ಮನೆ ಕಟ್ಟಿಕೊಡಲು ಮುಂದೆ ಬಂತು. ನಕ್ಷೆ ತೋರಿಸುವ ಸಭೆಗೆ ನಾನೂ ಹೋಗಿದ್ದೆ. ಎಂಜಿನಿಯರ್ ಮಾಡಿದ್ದ ಅಡುಗೆಕೋಣೆ ಚಿಕ್ಕದಿತ್ತು. ಧಣಿ ಅದಕ್ಕೆ ಒಪ್ಪಲಿಲ್ಲ. ಅಡುಗೆಮನೆ ದೊಡ್ಡದಿರಬೇಕು, ಮನೆಯ ಹಿಂದುಗಡೆ ಉದ್ದಕ್ಕೂ ಇರಬೇಕು, ಹೊಗೆ ಹೋಗಲು ಕಿಟಕಿ ಬೇಕು, ಮಿಕ್ಸಿಗೂ ಗ್ರೈಂಡರಿಗೂ ಬೇರೆ ಕಟ್ಟೆ ಬೇಕು. ಹೋಟೆಲ್ ಕಟ್ಟಿದವರ ಗತ್ತಿನಲ್ಲಿ ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದರು. ಮಂಗಳೂರಿನ ಯಾವ ಮನೆಯಲ್ಲಾದರೂ, ಯಾವ ಹೋಟೆಲಿನಲ್ಲಾದರೂ ಅಡುಗೆ ಹಿಂದುಗಡೆಯೇ. ಅದನ್ನು ಯಾರೂ ಯೋಚಿಸಿ ಮಾಡುವುದಿಲ್ಲ. ಹೆಂಗಸರನ್ನು ಕೇಳಿದರು. "ಆಯ್ತು ಧಣಿ, ಒಳ್ಳೆದುಂಟು" ಎಂದರು. ಧಣಿ ಅಷ್ಟು ಉಮೇದಿನಿಂದ ಕೇಳಿದಾಗ ಬೇರೆ ಎಂತ ಹೇಳುವುದು?

ಬೇಸಗೆಯಲ್ಲಿ ಹೊಸಮನೆ ಹೊಕ್ಕರು. ಪ್ರತಿ ಶುಕ್ರವಾರದ ಉತ್ತರಗಳು ಚೆನ್ನಾಗಿದ್ದವು. ಬಂಗುಡೆ ಮೀನಿನ ಪುಳಿಮುಂಚಿ, ಬಸಳೆ, ಹಲಸಿನಕಾಯಿ ಗಸಿ. ಜೂನ್ ಬಂತು. ಮಳೆ ಹಿಡಿಯಿತು. ಗೇಟಿನಲ್ಲಿ ಉತ್ತರಗಳು ಬದಲಾದವು. ಗಂಜಿ, ಚಟ್ನಿ. ಗಂಜಿ, ಉಪ್ಪಿನಕಾಯಿ. ಮುಂದಿನ ವಾರವೂ ಅದೇ. ಮೊದಲು ಅವರು ಮಳೆಗಾಲದಲ್ಲಿ ಕೆಲಸ ಕಡಿಮೆ, ಮೀನೂ ಇಲ್ಲ ಎಂದುಕೊಂಡರು. ಮೂರನೇ ಶುಕ್ರವಾರ ಗೇಟು ದಾಟಿ ಒಳಗೆ ಹೋದರು. ಲೀಲಕ್ಕ ಜಗಲಿಯ ಮೂಲೆಯಲ್ಲಿ, ಎರಚಲು ಬೀಳದ ಹಾಗೆ ಟಾರ್ಪಾಲು ಕಟ್ಟಿ, ಒಂದು ಸಣ್ಣ ಒಲೆಯಲ್ಲಿ ಗಂಜಿ ಇಟ್ಟಿದ್ದರು. ಪಕ್ಕದ ಮನೆಯಲ್ಲೂ ಹಾಗೇ. ಅದರಾಚೆಗೂ ಹಾಗೇ. ಹಿಂದಿನ ದೊಡ್ಡ ಅಡುಗೆಮನೆಗಳ ಬಾಗಿಲಿಗೆ ಚಿಲಕ ಹಾಕಿತ್ತು.

"ಇದೆಂತ ಲೀಲಾ?"

"ಎಂತ ಇಲ್ಲ ಧಣಿ. ಮಳೆ ಬರುವಾಗ ಮಾತ್ರ."

"ಮಳೆ ಬರುವಾಗ ಎಂತ?"

ಲೀಲಕ್ಕ ಗಂಜಿ ಕದಡುತ್ತ, ತಲೆಯೆತ್ತದೆ, "ಗುಡ್ಡ ಹಿಂದೆ ಉಂಟಲ್ಲ" ಎಂದರಂತೆ.

ಆ ಸಂಜೆ ಅವರು ನೇರ ನಮ್ಮ ಕಚೇರಿಗೆ ಬಂದರು. ಪಂಚೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕುರ್ಚಿ ಒದ್ದೆಯಾಗುತ್ತದೆಂದು ನಿಂತೇ ಮಾತಾಡಿದರು. "ಒಂದು ಸುದ್ದಿ ಉಂಟು. ಬರ್ಕೊಳ್ಳಿ. ಗುಡ್ಡ ಬಿದ್ದು ಅಡುಗೆಮನೆ ಹೋದವರಿಗೆ ಅದೇ ಗುಡ್ಡದ ಕಡೆಗೆ, ಮೊದಲಿನದಕ್ಕಿಂತ ದೊಡ್ಡ ಅಡುಗೆಮನೆ ಕಟ್ಟಿಸಿ ಕೊಟ್ಟ ಒಬ್ಬ ಮಂಡೆ ಇಲ್ಲದವ ಇದ್ದಾನೆ. ಹಂಪನಕಟ್ಟೆಯವ."

ಸುದ್ದಿ ಒಳಪುಟದಲ್ಲಿ ಸಣ್ಣದಾಗಿ ಬಂತು. 'ಮಂಡೆ ಇಲ್ಲದವ' ಎಂಬುದನ್ನು ಸಂಪಾದಕರು ತೆಗೆದರು. ಮರುದಿನ ಧಣಿ ಫೋನ್ ಮಾಡಿ, "ಮುಖ್ಯವಾದದ್ದೇ ತಪ್ಪಿಹೋಗಿದೆ" ಎಂದರು.

ಸಂಸ್ಥೆಯವರ ಮಟ್ಟಿಗೆ ಕೆಲಸ ಮುಗಿದಿತ್ತು. ಅವರು ಅದಾಗಲೇ ಬೇರೆ ಜಿಲ್ಲೆಯ ನೆರೆಪೀಡಿತರ ಕಡೆಗೆ ಹೋಗಿದ್ದರು. ಧಣಿ ಇಬ್ಬರು ಮೇಸ್ತ್ರಿಗಳನ್ನು ಇಟ್ಟುಕೊಂಡು, ಮಳೆ ನಿಂತ ಮೇಲೆ ಒಂದೊಂದೇ ಮನೆಯ ಅಡುಗೆಯನ್ನು ಮುಂದಕ್ಕೆ ತಂದರು. ಜಗಲಿಯ ಪಕ್ಕದ ಕೋಣೆ ಅಡುಗೆಮನೆಯಾಯಿತು. ಹಿಂದಿನದು ಕಟ್ಟಿಗೆ, ತೆಂಗಿನಕಾಯಿ, ಬಟ್ಟೆ ಒಣಗಿಸುವ ಜಾಗವಾಯಿತು. ಇದಕ್ಕೂ ತಕರಾರು ಬಂತು. ಮನೆಗೆ ಬಂದವರ ಕಣ್ಣಿಗೆ ಮೊದಲು ಅಡುಗೆಮನೆ ಬೀಳುವುದು ಯಾವ ಕ್ರಮ ಎಂದು ಲೀಲಕ್ಕನ ಗಂಡ ಕೇಳಿದರು. ಮೈಮುನಾ ಅವರ ಅಣ್ಣ ಹನೀಫ್, ಹಂಪನಕಟ್ಟೆಯಲ್ಲಿ ಕೊಡೆ, ಬ್ಯಾಗುಗಳ ಅಂಗಡಿ ಇಟ್ಟವರು, ಅವರದು ಇನ್ನೊಂದು ತಕರಾರು: "ರಸ್ತೆಯಲ್ಲಿ ಹೋಗುವ ಗಂಡಸರೆಲ್ಲ ಒಳಗಿನ ಹೆಂಗಸರನ್ನು ನೋಡುವ ಹಾಗೆ ಆಗ್ತದಲ್ಲ ಧಣಿ, ನಮ್ಮಲ್ಲಿ ಅದು ಆಗ್ಲಿಕ್ಕಿಲ್ಲ."

ಧಣಿ ರಸ್ತೆಯ ಕಡೆಯ ಕಿಟಕಿಗೆ ಮಣ್ಣಿನ ಜಾಲಿ ಇಟ್ಟಿಗೆ ಇಡಿಸಿದರು. ಗಾಳಿ ಬರುತ್ತದೆ, ಹೊಗೆ ಹೋಗುತ್ತದೆ, ಹೊರಗಿನವರಿಗೆ ಒಳಗೆ ಕಾಣುವುದಿಲ್ಲ. ಹನೀಫ್ ರಸ್ತೆಯಲ್ಲಿ ನಿಂತು, ಬಗ್ಗಿ, ಕಣ್ಣು ಕಿರಿದು ಮಾಡಿ ಪರೀಕ್ಷಿಸುವಾಗ ಜಾಲಿಯ ಒಳಗಿನಿಂದ ಲೀಲಕ್ಕನ ದನಿ ಬಂತು: "ಹನೀಫಣ್ಣಾ, ಸಾಕು ಇಣುಕಿದ್ದು, ಜನ ನೋಡ್ತಾರೆ!" ಓಣಿಯವರು ಅದನ್ನು ಈಗಲೂ ಹೇಳಿ ನಗುತ್ತಾರೆ.

ಮುಂದಿನ ಮಳೆಗಾಲದಲ್ಲಿ ಜಗಲಿಯ ಒಲೆಗಳು ಕಾಣಲಿಲ್ಲ. ಗೇಟಿನಲ್ಲಿ ಉತ್ತರಗಳು ಸರಿಯಾದವು. ಮೈಮುನಾ ಅವರ ಮನೆ ಒಂದನ್ನು ಬಿಟ್ಟು.

ಬೇಸಗೆಯಲ್ಲಿ ಅವರೂ ಅಡುಗೆ ಮಾಡುತ್ತಿದ್ದರು. ಮಳೆ ಹಿಡಿದರೆ ಒಲೆ ಆರುತ್ತಿತ್ತು. ಎರಡು ರೊಟ್ಟಿ ತಟ್ಟುವುದರೊಳಗೆ ಹತ್ತು ಸಲ ತಿರುಗಿ ನೋಡುತ್ತಾರೆ, ಒಮ್ಮೆ ಕೈ ಸುಟ್ಟುಕೊಂಡರು ಎಂದು ಲೀಲಕ್ಕ ಹೇಳಿದರು. ಊಟ ಲೀಲಕ್ಕನ ಮನೆಯಿಂದಲೋ, ಹನೀಫ್ ತರುವ ಪಾರ್ಸೆಲಿನಿಂದಲೋ ಆಗುತ್ತಿತ್ತು. ಹನೀಫ್ ಕಂಕನಾಡಿಯಲ್ಲಿ ಒಂದು ಫ್ಲಾಟು ತೆಗೆದಿಟ್ಟಿದ್ದರು. ತಂಗಿ ಬರಲಿ ಎಂದೇ ಖಾಲಿ ಬಿಟ್ಟಿದ್ದರು. ಅದರ ಕೀಲಿ ಮೈಮುನಾ ಅವರ ಮನೆಯ ಗೋಡೆಯಲ್ಲಿ, ಕ್ಯಾಲೆಂಡರಿನ ಮೊಳೆಯಲ್ಲಿ ನೇತಾಡುತ್ತಿತ್ತು. ದಮಾಮ್‌ನಿಂದ ಗಂಡನೂ ಅದನ್ನೇ ಹೇಳುತ್ತಿದ್ದರು. ಹೋಗಲು ಮೈಮುನಾ ಅವರಿಗೆ ಮನಸ್ಸಿರಲಿಲ್ಲ. ಮಗಳ ಶಾಲೆ ಇಲ್ಲಿ. ಲೀಲಕ್ಕ ಇಲ್ಲಿ. ಗಂಡನ ತಾಯಿಯನ್ನು ಅವರು ಉಮ್ಮ ಎಂದೇ ಕರೆಯುತ್ತಿದ್ದದ್ದು. ಉಮ್ಮ ಇದ್ದದ್ದು ಇಲ್ಲಿ. ಇರಲಿಕ್ಕೂ ಆಗುತ್ತಿರಲಿಲ್ಲ. ಕಳೆದ ಮಳೆಗಾಲ ಮುಗಿದಾಗ ಹನೀಫ್ ಖಡಾಖಂಡಿತ ಹೇಳಿದರು: ಮುಂದಿನ ಮಳೆಗೂ ಮನೆಯಲ್ಲಿ ಒಲೆ ಉರಿಯದಿದ್ದರೆ ಸಾಮಾನು ಕಟ್ಟುವುದು. ಮೈಮುನಾ ಒಪ್ಪಿಕೊಂಡರು.

ಇದನ್ನು ಕೇಳಿದ ಶುಕ್ರವಾರ ಧಣಿ ಅವರ ಜಗಲಿಯಲ್ಲಿ ಕೂತರು. ನಾನೂ ಇದ್ದೆ. ಧಣಿಗೆ ಜಗಲಿಯಲ್ಲಿ ಕೂತರೆ ತೂಕಡಿಕೆ ಬರುತ್ತಿತ್ತು. ಅವತ್ತು ಬರಲಿಲ್ಲ.

"ಮೈಮುನಾ, ಅಡುಗೆಮನೆ ಮುಂದೆ ತಂದೆ. ಗುಡ್ಡ ಈಗ ಎರಡು ಗೋಡೆ ಆಚೆ ಉಂಟು. ಇನ್ನೂ ಎಂತ ಮಾಡ್ಬೇಕು ಹೇಳು. ನನಗೆ ಗೊತ್ತಾಗುವುದಿಲ್ಲ."

ಮೈಮುನಾ ಬಾಗಿಲ ಹತ್ತಿರ ನಿಂತಿದ್ದರು. "ನೀವು ಒಲೆಯನ್ನು ರಸ್ತೆ ಕಡೆ ಮುಖ ಮಾಡಿ ಇಟ್ಟಿದ್ದೀರಿ ಧಣಿ."

"ಹೌದು. ಗುಡ್ಡ ಕಾಣದ ಹಾಗೆ."

"ರಸ್ತೆ ನೋಡಿ ನಾನು ಎಂತ ಮಾಡ್ಲಿ? ರಸ್ತೆ ಬೀಳ್ತದಾ?" ಗುಡ್ಡದ ಕಡೆ ಕೈ ಮಾಡಿ ಹೇಳಿದರು. "ಉಮ್ಮ ಬೆನ್ನು ಹಾಕಿ ನಿಂತಿದ್ದರು. ಅವರು ನೋಡ್ಲೇ ಇಲ್ಲ. ನೋಡಿದ್ರೆ ಓಡಿ ಬರ್ತಿದ್ರು. ನನಗೆ ಗುಡ್ಡ ಕಾಣಬೇಕು."

ಧಣಿ ನನ್ನ ಕಡೆ ನೋಡಿದರು. ಆಮೇಲೆ ಎದ್ದು ಒಳಗೆ ಹೋದರು. ಇಷ್ಟು ವರ್ಷ ಓಣಿಯ ಎಲ್ಲರಿಗೂ ಗುಡ್ಡವನ್ನು ದೂರ ಮಾಡುವುದರಲ್ಲೇ ಅವರು ಇದ್ದರು. ಉಳಿದ ಮನೆಗಳಿಗೆ ಅದು ಸರಿಯಾಗಿತ್ತು.

ಮಾರ್ಚ್‌ನಲ್ಲಿ ಕೆಲಸ ಶುರುವಾಯಿತು. ಒಲೆಯ ಕಟ್ಟೆಯನ್ನು ಒಡೆದು ಎದುರು ಗೋಡೆಗೆ ಕಟ್ಟಿಸಿದರು. ಆ ಗೋಡೆಯಲ್ಲಿ ಒಂದು ಅಗಲದ ಕಿಂಡಿ ತೆಗೆಸಿದರು. ಹಿಂದಿನ ಕೋಣೆಯ ಕಿಟಕಿಯನ್ನು ಅದರ ನೇರಕ್ಕೆ ತಂದು, ಕಟ್ಟಿಗೆ, ತೆಂಗಿನಕಾಯಿ ಎಲ್ಲ ಬದಿಗೆ ಸರಿಸಿದರು. ಈಗ ಒಲೆಯ ಮುಂದೆ ನಿಂತರೆ ಕಿಂಡಿಯಿಂದ ಕಿಟಕಿ, ಕಿಟಕಿಯಿಂದ ತಡೆಗೋಡೆ, ಚರಂಡಿ, ಅದರ ಮೇಲೆ ಗುಡ್ಡ. ಧಣಿ ತಾವೇ ನಿಂತು ನೋಡಿ, ಸರಿಯಾಗಿದೆ ಎಂದರು. ಅವರು ಆರಡಿಯ ಮನುಷ್ಯ. ಲೀಲಕ್ಕ ನಕ್ಕು, "ಧಣಿ, ಅಡುಗೆ ನೀವು ಮಾಡುವುದಾ?" ಎಂದರು. ಲೀಲಕ್ಕ ಮತ್ತು ಮೈಮುನಾ ಒಂದೇ ಎತ್ತರ. ಲೀಲಕ್ಕನನ್ನು ನಿಲ್ಲಿಸಿ ನೋಡಿದಾಗ ಕಾಣುತ್ತಿದ್ದದ್ದು ಗುಡ್ಡದ ನೆತ್ತಿ ಮತ್ತು ಆಕಾಶ. ಚರಂಡಿ ಕಾಣುತ್ತಿರಲಿಲ್ಲ. ಮೇಸ್ತ್ರಿ ಬೈದುಕೊಳ್ಳುತ್ತ ಕಿಂಡಿಯನ್ನು ಕೆಳಕ್ಕೆ ಇಳಿಸಿದರು.

ಚರಂಡಿ ಕಾಣಲೇಬೇಕೆಂದು ಮೈಮುನಾ ಹೇಳಿದ್ದರು. ಗುಡ್ಡದಿಂದ ಬರುವ ನೀರು ತಿಳಿಯಾಗಿದ್ದರೆ ಹೆದರಿಕೆ ಇಲ್ಲ, ಒಮ್ಮೆಲೇ ಕೆಂಪಾದರೆ ಒಲೆ ಆರಿಸಿ ಹೊರಗೆ ಹೋಗುವುದು. ಇದನ್ನು ಓಣಿಯವರಿಗೆಲ್ಲ ಪರಿಶೀಲನೆಗೆ ಬಂದವರೇ ಹಿಂದೆ ಹೇಳಿಕೊಟ್ಟಿದ್ದರು.

ಏಪ್ರಿಲ್ ಕೊನೆಗೆ ಗೋಡೆಗೆ ಸುಣ್ಣ ಬಳಿದು ಆಯಿತು. ಇನ್ನು ಉಳಿದದ್ದು ಮಳೆ. ಮೇ ತಿಂಗಳಿಡೀ ಧಣಿ ನಮ್ಮ ಕಚೇರಿಗೆ ಫೋನ್ ಮಾಡುತ್ತಿದ್ದರು. ನಮಸ್ಕಾರವಿಲ್ಲ, ಪೀಠಿಕೆಯಿಲ್ಲ.

"ಕೇರಳಕ್ಕೆ ಮುಟ್ಟಿತಾ?"

"ಇನ್ನೂ ಇಲ್ಲ."

"ನಿಮ್ಮ ಹವಾಮಾನದವರು ಎಂತ ಮಾಡ್ತಾರೆ ಮಾರಾಯ್ರೆ?"

ಮಂಗಳೂರಿನಲ್ಲಿ ಮುಂಗಾರಿಗೆ ಇಷ್ಟು ಅವಸರ ಮಾಡಿದವರನ್ನು ನಾನು ಬೇರೆ ಕಂಡಿಲ್ಲ. ಕೊನೆಯ ಫೋನು ಅವರು ತೀರಿಕೊಂಡ ಹಿಂದಿನ ದಿನದ್ದು. ಅದೇ ಪ್ರಶ್ನೆ, ಅದೇ ಉತ್ತರ. ಕೊನೆಗೆ, "ನಿಮ್ಮಲ್ಲಿ ಎಂತ ಪದಾರ್ಥ?" ಎಂದರು. ಕ್ಯಾಂಟೀನಿನ ಸಾಂಬಾರು ಎಂದೆ. "ಪಾಪ" ಎಂದು ಫೋನಿಟ್ಟರು.

ಶುಕ್ರವಾರ ಮಧ್ಯಾಹ್ನ ಓಣಿಯವರು ಅದೇ ಸಿಟಿ ಬಸ್ಸಿನಲ್ಲಿ ಹಂಪನಕಟ್ಟೆಗೆ ಬಂದು, ಅಲ್ಲಿಂದ ಜೆಪ್ಪುವಿಗೆ ಹೋದರು. ಹನೀಫ್ ಅಂಗಡಿಗೆ ಅರ್ಧ ಬಾಗಿಲು ಎಳೆದು ಬಂದಿದ್ದರು. ಮೈಮುನಾ ಅಂಗಳದ ಒಂದು ಬದಿಯಲ್ಲಿ ನಿಂತಿದ್ದರು. ಧಣಿಯವರ ಹೆಂಡತಿ ಅವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಇಬ್ಬರೂ ಅದುವರೆಗೆ ಭೇಟಿಯಾಗಿರಲಿಲ್ಲ. "ನಿನ್ನ ಒಲೆಯ ವಿಷಯ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ ಮಾರಾಯ್ತಿ" ಎಂದರು ಹೆಂಡತಿ. ಆಮೇಲೆ ಇಬ್ಬರೂ ಅತ್ತರು.

ಜೂನ್ ಮೊದಲ ವಾರ ಮಂಗಳೂರಿಗೆ ಮಳೆ ಬಂತು. ಮೊದಲ ದಿನಗಳಲ್ಲಿ ಮೈಮುನಾ ಅವರ ಮನೆಯಲ್ಲಿ ಒಲೆ ಉರಿಯಲಿಲ್ಲ. ಹನೀಫ್ ರಟ್ಟಿನ ಪೆಟ್ಟಿಗೆಗಳನ್ನು ತಂದು ಜಗಲಿಯಲ್ಲಿ ಇಟ್ಟು ಹೋದರು.

ತೀರಿಕೊಂಡವರ ಉತ್ತರಕ್ರಿಯೆಗೆ ತುಳುವಿನಲ್ಲಿ ಬೊಜ್ಜ ಎನ್ನುತ್ತೇವೆ. ಧಣಿಯವರ ಬೊಜ್ಜದ ದಿನ ನಸುಕಿನಿಂದಲೇ ಜೋರು ಮಳೆ. ಆ ಬೆಳಿಗ್ಗೆಯದು ನಾನು ನೋಡಿದ್ದಲ್ಲ, ಲೀಲಕ್ಕ ಹೇಳಿದ್ದು.

"ನಾನು ಹೊರಡ್ಲಿಕ್ಕೆ ಸೀರೆ ಉಡ್ತಾ ಇದ್ದೆ. ಪಕ್ಕದಿಂದ ಮಿಕ್ಸಿ ಶಬ್ದ ಕೇಳಿತು. ನಿಂತಿತು. ಮತ್ತೆ ಕೇಳಿತು. ಕಾಯಿ ಕಡೆಯುವ ಶಬ್ದ ನನಗೆ ಗೊತ್ತಾಗುವುದಿಲ್ವಾ? ಹೋಗಿ ನೋಡ್ಬೇಕು ಅಂತ ಕಾಲು ಬಂತು. ಹೋಗ್ಲಿಲ್ಲ. ನಾನು ಹೋಗಿ ನೋಡಿದ್ರೆ ಅವಳು ನಿಲ್ಲಿಸ್ತಾಳೆ. ಬಾಗಿಲು ಹಾಕಿ ಒಳಗೇ ಕೂತೆ. ಸೀರೆ ಅರ್ಧ ಉಟ್ಟು ಹಾಗೇ ಕೂತೆ. ಆಮೇಲೆ ಒಗ್ಗರಣೆ ಪರಿಮಳ ಬಂತು."

ಸ್ವಲ್ಪ ಹೊತ್ತಿಗೆ ಮೈಮುನಾ ಒಂದು ಸ್ಟೀಲಿನ ಡಬ್ಬಿ ಹಿಡಿದು ಬಂದರು. ಮುಖ ಬೆವರಿತ್ತು. ಡಬ್ಬಿ ಚಾಚಿ ಮೈಮುನಾ ಹೇಳಿದರಂತೆ: "ಬಸಳೆ, ಒಣ ಸಿಗಡಿ ಹಾಕಿ. ನೀರು ತಿಳಿಯಾಗಿಯೇ ಉಂಟು ಲೀಲಕ್ಕ, ನಾನು ನೋಡ್ತಲೇ ಇದ್ದೆ. ಇದನ್ನು ಧಣಿಯವರ ಮನೆಗೆ ಕೊಡ್ತೀರಾ? ಅವರು ನನ್ನ ಮನೆಯಲ್ಲಿ ಉಣ್ಣುತ್ತೇನೆ ಅಂತ ಹೇಳಿದ್ದರಲ್ಲ."

ತೀರಿಕೊಂಡವರಿಗೆ ಇಷ್ಟವಾದುದನ್ನು ಬಾಳೆ ಎಲೆಯಲ್ಲಿ ಬಡಿಸಿ, ಕೋಣೆಯ ಬಾಗಿಲನ್ನು ಸ್ವಲ್ಪ ಹೊತ್ತು ಮುಚ್ಚಿಡುವುದು ಆ ಮನೆಯ ಕ್ರಮ. ಲೀಲಕ್ಕ ಡಬ್ಬಿ ಕೊಟ್ಟಾಗ ಧಣಿಯವರ ಹೆಂಡತಿ ಮುಚ್ಚಳ ತೆಗೆದು ನೋಡಿದರು. ಬಳಗದ ಹಿರಿಯರೊಬ್ಬರು, "ಅದರಲ್ಲಿ ಸಿಗಡಿ ಉಂಟು" ಎಂದರು.

"ಸಿಗಡಿ ಇಲ್ಲದ ಬಸಳೆಯನ್ನು ಅವರು ಯಾವತ್ತು ಮುಟ್ಟಿದ್ದಾರೆ?" ಎಂದು ಹೆಂಡತಿ ಡಬ್ಬಿ ಒಳಗೆ ಕೊಂಡುಹೋದರು. ಎಲೆಗೆ ಬಡಿಸಿ ಹೊರಗೆ ಬಂದು ಬಾಗಿಲು ಹಾಕಿಕೊಂಡರು. ಅಷ್ಟನ್ನು ನಾನು ಚಾವಡಿಯಲ್ಲಿ ನಿಂತು ಕಂಡೆ.

ಆ ಬಳಿಕದ ಶುಕ್ರವಾರ ಓಣಿಗೆ ಹೋಗಿದ್ದೆ. ಮಳೆ ಬರುತ್ತಿತ್ತು. ಮೈಮುನಾ ಅವರ ಗೇಟಿನ ಹೊರಗೆ ನಿಂತು ಪದಾರ್ಥ ಎಂತ ಎಂದು ಕೇಳಿದೆ. ಜಾಲಿಯ ಒಳಗಿನಿಂದ ಉತ್ತರ ಬಂತು: "ಹುರುಳಿ ಸಾರು. ಉಪ್ಪು ಸ್ವಲ್ಪ ಜಾಸ್ತಿ ಆಗಿದೆ." ರಟ್ಟಿನ ಪೆಟ್ಟಿಗೆಗಳಲ್ಲಿ ಲೀಲಕ್ಕ ಬೀಡಿ ಎಲೆ ತುಂಬಿಸಿಟ್ಟಿದ್ದರು.

ಹಂಪನಕಟ್ಟೆಯ ಕೊಡೆ ಅಂಗಡಿಯ ಗಾಜಿಗೆ ಈ ಸೋಮವಾರ ಹನೀಫ್ ಒಂದು ಬೋರ್ಡು ಅಂಟಿಸಿದ್ದಾರೆ. ಕಂಕನಾಡಿಯಲ್ಲಿ ಫ್ಲಾಟ್ ಬಾಡಿಗೆಗೆ ಉಂಟು, ಕೀಲಿ ಅಂಗಡಿಯಲ್ಲಿ ಸಿಗುತ್ತದೆ.